ಹೆಡ್‌ಫೋನ್ ತೂತಿಗೆ ಸಿಕ್ಕಿಸಿದ ವೈರು, ಮಾಯವಾದ ಪಿಟೀಲು

ತುಮಕೂರಲ್ಲಿ ಈಗ ರಿಸೆಪ್ಷನ್‌ಗೆ ಆರ್ಕೆಸ್ಟ್ರಾ ಕರೆಸೋರು ಕಮ್ಮಿ. ಅದರ ಬದಲು ‘ಲೈವ್ ಲೂಪಿಂಗ್’. ಅಂದರೆ ನುಡಿಸಿದ್ದನ್ನು ಅಲ್ಲೇ ರೆಕಾರ್ಡ್ ಮಾಡಿ, ಅದು ಮತ್ತೆ ಮತ್ತೆ ಓಡ್ತಾ ಇರುವಾಗ ಅದರ ಮೇಲೆ ನುಡಿಸೋದು. ಒಬ್ಬರೇ ಬರ್ತಾರೆ. ಒಂದು ವಾದ್ಯ, ಒಂದು ಐಪ್ಯಾಡ್, ಕಾಲ ಹತ್ತಿರ ಒಂದು ಪೆಡಲ್. ನಮ್ಮಂಥ ಸೌಂಡ್ಸ್‌ನವರಿಗೆ ಆರಾಮ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಈವೆಂಟ್ ಮ್ಯಾನೇಜರ್ ಕಳಿಸಿದ ಇನ್‌ಪುಟ್ ಲಿಸ್ಟ್‌ನಲ್ಲೂ ಇದ್ದಿದ್ದು ಇಷ್ಟೇ: ‘ವಯಲಿನ್, ಒಂದು ವೈರ್ ಸಾಕು’. ಡ್ರಮ್ಸ್, ತಬಲಾ, ಕೀಬೋರ್ಡು ಎಲ್ಲ ಸೇರಿದ ಆರ್ಕೆಸ್ಟ್ರಾಗೆ ಬೆವರದವನು ಆ ಒಂದು ವೈರಿಗೆ ಬೆವತೆ.

ಬಿ.ಎಚ್. ರಸ್ತೆಯ ಒಂದು ಛತ್ರ. ಮಿಕ್ಸರ್ ಸ್ಟೇಜ್ ಪಕ್ಕದಲ್ಲೇ ಇತ್ತು. ಪಿಟೀಲು ಮೇಡಂ ಸಂಜೆ ಬೇಗನೇ ಬಂದರು. ಅವರಿಗೆ ಅವರ ಕೆಲಸ ಚೆನ್ನಾಗಿ ಗೊತ್ತು. ಪಿಟೀಲಿನ ಕುದುರೆಗೆ (ತಂತಿ ಹೊತ್ತಿರೋ ಮರದ ತುಂಡು) ಅಂಟಿಸಿದ, ಅದರ ಅದುರಾಟವನ್ನು ಸಿಗ್ನಲ್ ಮಾಡೋ ಪಿಯೆಜೊ ಪಿಕಪ್, ಅದರಿಂದ ಇಂಟರ್‌ಫೇಸ್‌ನ (ವಾದ್ಯಕ್ಕೂ ಐಪ್ಯಾಡ್‌ಗೂ ನಡುವಿನ ಡಬ್ಬಿ) ‘ಇನ್‌ಸ್ಟ್’, ಅಂದರೆ ವಾದ್ಯದ, ಇನ್‌ಪುಟ್. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಪಿಯೆಜೊಗೆ ಒಂದು ಮೆಗಾಓಮ್ ಆಸುಪಾಸಿನ ಪ್ರತಿರೋಧ ಇರೋ ಇನ್‌ಪುಟ್ ಬೇಕು. ಲೈನ್ ಇನ್‌ಪುಟ್‌ಗೆ ಹಾಕಿದರೆ ಮಂದ್ರ ಸ್ಥಾಯಿ ಸೊರಗಿ ಹೋಗುತ್ತೆ, ಬರೀ ಕೀರಲು ಉಳಿಯುತ್ತೆ. ಡೈರೆಕ್ಟ್ ಮಾನಿಟರ್ ಕೂಡ ಆಫ್ ಮಾಡಿದ್ದರು. ಅದು ಆನ್ ಇದ್ದರೆ ನೇರವಾಗಿ ಬರೋ ಪಿಟೀಲು ಒಂದು, ಆ್ಯಪ್ ಒಳಗೆ ಹೋಗಿ ತಡವಾಗಿ ಬರೋದು ಇನ್ನೊಂದು. ಎರಡೂ ಸೇರಿ ಡಬ್ಬದೊಳಗೆ ನುಡಿಸಿದ ಹಾಗೆ ಕೇಳುತ್ತೆ. ಬಫರ್, ಅಂದರೆ ಆ್ಯಪ್ ಒಂದು ಸಲಕ್ಕೆ ಹಿಡಿದಿಟ್ಟುಕೊಳ್ಳೋ ಸದ್ದಿನ ತುಣುಕು, 128 ಸ್ಯಾಂಪಲ್‌ಗೆ ಇಟ್ಟಿದ್ದರು. 48 ಕಿಲೋಹರ್ಟ್ಜ್‌ನಲ್ಲಿ ಅದು 2.7 ಮಿಲಿಸೆಕೆಂಡ್ ತಡ. ಹೋಗಿ ಬರೋ ಲೆಕ್ಕ ಹಾಕಿದರೂ ಕೈಗೆ ಗೊತ್ತಾಗಲ್ಲ.

ಎಡಗಡೆಯ ಲೈನ್ ಔಟ್‌ನಿಂದ ನಮ್ಮ ಮಿಕ್ಸರ್‌ಗೆ ಒಂದು ವೈರು. ಚೆಕ್ ಮಾಡಿದ್ವಿ, ಬೆಣ್ಣೆ ಥರ ಬಂತು. ನಾನು ಟೀ ಕುಡಿಯೋಕೆ ಹೋದೆ.

ಅಷ್ಟರಲ್ಲಿ ಮ್ಯಾನೇಜರ್ ಎಲ್ಲಿಂದಲೋ ಒಂದು ಹಳೇ ಕೀಬೋರ್ಡ್ ಆಂಪ್ ತರಿಸಿದ್ದ. ಮೇಡಂ ತಮಗೆ ಕೇಳಿಸಿಕೊಳ್ಳೋಕೆ ಅಂತ ಮೊದಲೇ ಕೇಳಿದ್ದರಂತೆ. ಲಿಸ್ಟ್‌ನಲ್ಲಿ ಇರಲಿಲ್ಲ ಬಿಡಿ. ನಮ್ಮ ಹುಡುಗ ಲೈನ್ ಔಟ್‌ನಲ್ಲಿದ್ದ ವೈರ್ ಕಿತ್ತು ಆ ಜಾಗದಿಂದ ಆಂಪ್‌ಗೆ ಕೊಟ್ಟ. ಮಿಕ್ಸರ್ ವೈರಿಗೆ ತೂತು ಹುಡುಕಿದ. ಇಂಟರ್‌ಫೇಸ್‌ನ ಬೆನ್ನು ಹೂವಿನ ಡೆಕೊರೇಷನ್ ಬೋರ್ಡ್ ಕಡೆಗಿತ್ತು. ಮುಂದೆ ಕಣ್ಣಿಗೆ ಬಿದ್ದಿದ್ದು ಹೆಡ್‌ಫೋನ್ ತೂತು. ‘ಅಣ್ಣ, ಇಲ್ಲಿಂದ ಕೊಡ್ಲಾ?’ ಅಂದ. ‘ಔಟ್ ತಾನೇ? ಕೊಡು’ ಅಂದೆ. ಟೀ ಲೋಟ ಇನ್ನೂ ಕೈಯಲ್ಲೇ ಇತ್ತು.

ಗಂಡು ಹೆಣ್ಣು ಬಂದು ನಿಂತರು. ಫೋಟೋದವರು ಲೈಟ್ ಎತ್ತಿ ಹಿಡಿದರು. ಮೇಡಂ ತಂತಿ ಮೀಟಿ ಒಂದು ತಾಳ ಲೂಪ್ ಮಾಡಿದರು, ಅದರ ಮೇಲೆ ಷಡ್ಜ ಎಳೆದು ಇನ್ನೊಂದು ಪದರ ಹಾಕಿದರು, ಆಮೇಲೆ ಹಂಸಧ್ವನಿ ಶುರು. ಪಕ್ಕದ ಆಂಪ್‌ನಲ್ಲಿ ಅವರಿಗೆ ಎಲ್ಲ ಸೊಗಸಾಗಿ ಕೇಳ್ತಾ ಇದೆ, ನಗುನಗುತ್ತಾ ನುಡಿಸ್ತಾ ಇದ್ದಾರೆ. ಹಾಲ್‌ನಲ್ಲಿ ಪಿಟೀಲೇ ಇಲ್ಲ. ಟಾಪ್ಸ್ ಸ್ಪೀಕರ್‌ನಿಂದ ಬರ್ತಾ ಇದ್ದಿದ್ದು ದೂರದ ಬಾವಿಯೊಳಗಿಂದ ಬರೋ ಥರದ ಒಂದು ಎಕೋ ಮಾತ್ರ.

ಫೇಡರ್ ಏರಿಸಿದೆ. ಎಕೋ ಜಾಸ್ತಿ ಆಯ್ತು. ಗೇನ್ ತಿರುಗಿಸಿದೆ. ಎಕೋ ಜೊತೆಗೆ ಸುಯ್ ಅನ್ನೋ ಸದ್ದೂ ಬಂತು. ಪಿಎಫ್ಎಲ್ ಹಾಕಿ, ಅಂದರೆ ಆ ಚಾನೆಲ್ ಒಂದನ್ನೇ ಹೆಡ್‌ಫೋನ್‌ನಲ್ಲಿ, ಕೇಳಿದೆ, ಅಲ್ಲೂ ಅದೇ. ಹುಡುಗಿ ಕಡೆ ಯಜಮಾನರು ಹತ್ತಿರ ಬಂದು ‘ಏನ್ರೀ, ಸೌಂಡೇ ಇಲ್ಲ?’ ಅಂದರು. ಅವರ ಹಿಂದೆ ನಿಂತಿದ್ದ ಯಾರೋ ನೆಂಟರ ಹುಡುಗ ‘ಬ್ಲೂಟೂತ್‌ನಲ್ಲಿ ಕನೆಕ್ಟ್ ಮಾಡಿ ಸರ್’ ಅಂತ ಸಲಹೆ ಕೊಟ್ಟ. ಬ್ಲೂಟೂತ್‌ನಲ್ಲಿ ಬಿಲ್ಲು ಎಳೆದ ಎಷ್ಟೋ ಹೊತ್ತಿಗೆ ಸದ್ದು ಬರುತ್ತೆ, ಲೂಪ್ ಎಲ್ಲ ತಾಳ ತಪ್ಪುತ್ತೆ. ಅವನಿಗೆ ಅದನ್ನೆಲ್ಲ ಹೇಳೋ ಹೊತ್ತೇ ಅದು?

ವೈರ್ ಸತ್ತಿದೆ ಅಂತ ತೀರ್ಮಾನ ಮಾಡಿದೆ. ಪೆಟ್ಟಿಗೆಯಿಂದ ಅದೇ ಥರದ ಇನ್ನೊಂದು ಟಿಆರ್‌ಎಸ್ (ತುದಿ, ಉಂಗುರ, ಬುಡ ಅಂತ ಮೂರು ಭಾಗದ ಜ್ಯಾಕ್) ವೈರ್ ತೆಗೆದು ಬದಲಿಸಿದೆ. ಮತ್ತೆ ಎಕೋ. ಸಿಟ್ಟು ಬಂದು ಮಿಕ್ಸರ್ ಕಡೆಯ ಜ್ಯಾಕ್ ಹಿಡಿದು ಎಳೆದೆ. ಅದು ಒಂದು ಕ್ಲಿಕ್ ಹೊರಗೆ ಬಂದಿತ್ತಷ್ಟೇ, ಇಡೀ ಛತ್ರ ಅದುರೋ ಹಾಗೆ ಪಿಟೀಲು ಕಿರುಚಿತು! ಗೇನ್ ಮೇಲೇ ಇತ್ತಲ್ಲ. ಮುಂದಿನ ಸಾಲಿನ ಅಜ್ಜಿ ಕಿವಿ ಮುಚ್ಚಿಕೊಂಡರು. ಮೇಡಂ ಬೆಚ್ಚಿ ಬಿಲ್ಲು ನಿಲ್ಲಿಸಿದರು. ಲೂಪ್ ಮಾತ್ರ ತನ್ನ ಪಾಡಿಗೆ ಓಡ್ತಾನೇ ಇತ್ತು.

ಆ ಕಿರುಚಾಟದಲ್ಲೇ ಉತ್ತರ ಸಿಕ್ಕಿತು. ಹೆಡ್‌ಫೋನ್ ಔಟ್ ಸ್ಟೀರಿಯೊ. ಜ್ಯಾಕ್‌ನ ತುದಿಯಲ್ಲಿ ಎಡ, ನಡುವಿನ ಉಂಗುರದಲ್ಲಿ ಬಲ. ಮಿಕ್ಸರ್‌ನ ಲೈನ್ ಇನ್ ಬ್ಯಾಲೆನ್ಸ್ಡ್. ಅದಕ್ಕೆ ತುದಿಯಿಂದ ಉಂಗುರವನ್ನು ಕಳೆಯೋದೇ ಕೆಲಸ. ಎರಡು ಕಡೆಯೂ ಒಂದೇ ಇದ್ದರೆ ಉಳಿಯೋದು ಸೊನ್ನೆ. ಪಿಟೀಲೂ ಲೂಪೂ ಆ್ಯಪ್‌ನಲ್ಲಿ ನಡುಮಧ್ಯ ಇದ್ದವು, ಪೂರ್ತಿ ಅಳಿಸಿ ಹೋದವು. ಆ್ಯಪ್ ಹಾಕೋ ರಿವರ್ಬ್ ಅನ್ನೋ ಮಾರ್ದನಿ ಮಾತ್ರ ಎಡಕ್ಕೆ ಬಲಕ್ಕೆ ಬೇರೆ ಬೇರೆ, ಅದಕ್ಕೇ ಬಾವಿಯ ಎಕೋ. ಜ್ಯಾಕ್ ಅರ್ಧ ಹೊರಗೆ ಬಂದಾಗ ಮಿಕ್ಸರ್‌ಗೆ ಒಂದು ಕಡೆಯದು ಮಾತ್ರ ಸಿಕ್ಕಿತು, ಕಳೆಯೋಕೆ ಏನೂ ಇರಲಿಲ್ಲ. ವೈರ್ ಎಷ್ಟು ಬದಲಿಸಿದರೂ ಪ್ರಯೋಜನ ಇರಲಿಲ್ಲ, ಎಲ್ಲ ವೈರೂ ಸರಿಯಾಗೇ ಇದ್ದವು.

ಹುಡುಗ ಹೂವಿನ ಬೋರ್ಡ್ ಹಿಂದೆ ತೂರಿ ಬಲಗಡೆಯ ಲೈನ್ ಔಟ್‌ಗೆ ಸಿಕ್ಕಿಸಿದ. ಪಿಟೀಲು ಬಂತು. ಜೊತೆಗೆ ಗೊಂಯ್ ಅಂತ ಹಮ್ಮೂ ಬಂತು. ಯಾಕಂದ್ರೆ ಆಂಪ್ ಡೆಕೊರೇಷನ್‌ನವರ ಕರೆಂಟ್ ಬೋರ್ಡ್‌ನಲ್ಲಿ, ಮಿಕ್ಸರ್ ನಮ್ಮ ಕರೆಂಟ್ ಬೋರ್ಡ್‌ನಲ್ಲಿ, ಇಂಟರ್‌ಫೇಸ್ ಎರಡರ ಅರ್ತಿಂಗ್‌ಗೂ ಗಂಟು ಹಾಕಿತ್ತು. ಡೆಕೊರೇಷನ್ ಹುಡುಗ ‘ಆಂಪ್ ಪ್ಲಗ್‌ನ ದಪ್ಪ ಪಿನ್‌ಗೆ ಟೇಪ್ ಸುತ್ತಿ ಅಣ್ಣ, ಹಮ್ಮು ಹೋಗುತ್ತೆ’ ಅಂದ. ಹೋಗುತ್ತೆ, ನಿಜ. ಅರ್ತಿಂಗೂ ಹೋಗುತ್ತೆ. ಆಮೇಲೆ ಆಂಪ್ ಲೀಕ್ ಆದರೆ ವಾದ್ಯ ಹಿಡಿದವರಿಗೆ ಶಾಕ್. ಆ ಕೆಲಸ ಯಾವ ಸ್ಟೇಜ್‌ನಲ್ಲೂ ಮಾಡಬಾರದು. ಆಂಪ್ ಪ್ಲಗ್ಗನ್ನು ನಮ್ಮ ಬೋರ್ಡ್‌ಗೇ ತಂದೆ, ಹಮ್ಮು ಮುಕ್ಕಾಲು ಇಳಿಯಿತು. ಉಳಿದ ಕುಯ್ ಅನ್ನೋದು ಐಪ್ಯಾಡ್ ಚಾರ್ಜರ್‌ನದು. ಮೇಡಂ ಅದನ್ನು ಕಿತ್ತು ಬ್ಯಾಟರಿ ಮೇಲೇ ನುಡಿಸಿದರು.

ಈಗ ಇಂಥವರು ಬಂದರೆ ನಾನು ಮೊದಲು ಇಂಟರ್‌ಫೇಸ್ ತಿರುಗಿಸಿ ಬೆನ್ನು ನೋಡ್ತೀನಿ. ಕಾಲಿಂಚಿನ ಜ್ಯಾಕ್ ಎಲ್ಲಾ ಕಡೆ ಹಿಡಿಸುತ್ತೆ, ಅದೇ ಅದರ ಕಷ್ಟ. ಹೆಡ್‌ಫೋನ್ ಬಿಟ್ಟು ಬೇರೆ ಔಟೇ ಇಲ್ಲ ಅಂದರೆ ವೈ ಕೇಬಲ್ ಹಾಕಿ ಎರಡು ಚಾನೆಲ್‌ಗೆ ತಗೊಳ್ಳೋದು. ಗಿಟಾರ್ ಆಂಪ್ ಆದರೆ ಇಂಟರ್‌ಫೇಸ್‌ನ ಔಟ್‌ಪುಟ್ ಪೂರ್ತಿ ಇಳಿಸಿ ಶುರು ಮಾಡೋದು, ಹಿಂದೆ ‘ಎಫ್ಎಕ್ಸ್ ರಿಟರ್ನ್’ ಇದ್ದರೆ ಅಲ್ಲಿಗೇ ಕೊಡೋದು. ಮುಂದಿನ ಇನ್‌ಪುಟ್ ಗಿಟಾರ್‌ನ ಸಣ್ಣ ಸಿಗ್ನಲ್‌ಗೆ ಮಾಡಿದ್ದು, ಲೈನ್ ಲೆವೆಲ್ ನುಗ್ಗಿದರೆ ಒಡೆದ ಸದ್ದು ಬರುತ್ತೆ.

ಗ್ರೌಂಡ್ ಲಿಫ್ಟ್ (ಆಡಿಯೋ ವೈರಿನ ಗ್ರೌಂಡ್ ಮಾತ್ರ ಬಿಡಿಸೋ ಸ್ವಿಚ್) ಇರೋ ಎರಡು ಡಿಐ ಬಾಕ್ಸ್, ಅಂದರೆ ಇಂಟರ್‌ಫೇಸ್‌ಗೂ ಮಿಕ್ಸರ್‌ಗೂ ನಡುವೆ ಹಾಕೋ ಡಬ್ಬಿ, ಇದ್ದಿದ್ದರೆ ಹಮ್ಮಿನ ತಲೆನೋವೇ ಇರುತ್ತಿರಲಿಲ್ಲ. ಮಾರನೇ ದಿನವೇ ಓನರ್‌ಗೆ ಹೇಳಿದೆ. ‘ಅದು ಕಾಣಲ್ಲವಲ್ಲೋ, ಪಾರ್ಟಿ ಕೇಳಲ್ಲ’ ಅಂದು ಹೊಸ ಎಲ್‌ಇಡಿ ಪಾರ್ ಲೈಟ್ ತರಿಸಿದರು. ಅವುಗಳ ವೈರೂ ನಮ್ಮ ಸೌಂಡ್ ಬೋರ್ಡ್‌ಗೇ ಬಂದಿದೆ.