ತುತ್ತು ಬಾಯಿಗಿಡುವ ಮೊದಲೇ

ಕಳೆದ ಜನವರಿಯ ಒಂದು ಭಾನುವಾರ, ಗಾಂಧಿ ಬಜಾರಿನಿಂದ ತಂದ ಎರಡು ಕಿಲೋ ಸೊಗಡಿನ ಅವರೆಕಾಯಿಯನ್ನು ಸುಲಿದು, ಕಾಳನ್ನು ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಒಂದೊಂದನ್ನೇ ಬೆರಳುಗಳ ನಡುವೆ ಒತ್ತಿ ಹಿತಕಿ, ಕಾಯಿ, ಈರುಳ್ಳಿ, ಚಕ್ಕೆ, ಲವಂಗ ರುಬ್ಬಿ ಸಾರು ಮಾಡಿದ್ದೆ. ಚಿಕ್ಕಪ್ಪನವರ ತಟ್ಟೆಗೆ ಬಿಸಿ ಮುದ್ದೆ ಇಟ್ಟು ಸಾರು ಬಡಿಸಿದೆ. ಅವರು ಉಪ್ಪಿನ ಡಬ್ಬಿಯನ್ನು ಮೂರು ಸಲ ಕೊಡವಿ, ಒಂದು ಚಮಚ ಚಟ್ನಿಪುಡಿ ಉದುರಿಸಿ, ಅರ್ಧ ನಿಂಬೆಹೋಳು ಹಿಂಡಿ, ಆಮೇಲೆ ಮೊದಲ ತುತ್ತು ಮುರಿದರು. ಇಂಗು ಮತ್ತು ಹುರಿದ ಮೆಣಸಿನಕಾಯಿಯ ವಾಸನೆ ಮೇಲೇರಿದಾಗ ಅವರೆಯ ಸೊಗಡು ಆ ತಟ್ಟೆಯಲ್ಲಿ ಉಳಿಯಲಿಲ್ಲ. ವರ್ಷದಲ್ಲಿ ಎರಡು ಮೂರು ತಿಂಗಳು ಮಾತ್ರ ಸಿಗುವ ಆ ಸೊಗಡಿಗಾಗಿಯೇ ಅಷ್ಟು ಹೊತ್ತು ಕೂತು ಹಿತಕಿದ್ದು ಎಂಬುದು ನೆನಪಾಗಿ ನನಗೆ ನಿಜಕ್ಕೂ ನೋವಾಯಿತು.

"ಚಿಕ್ಕಪ್ಪ, ಒಂದು ತುತ್ತು ನೋಡಿ ಆಮೇಲೆ ಹಾಕಿಕೊಳ್ಳಬಾರದೇ?" ಎಂದು ಕೇಳಿದೆ. "ನಿನ್ನ ಅಡುಗೆಗೆ ಏನೂ ಅಂದಿಲ್ಲ ಕಣೋ, ಕೈಗೆ ಅಭ್ಯಾಸ ಆಗಿಬಿಟ್ಟಿದೆ" ಎಂದರು. ಅವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಊಟ ಮಾಡಿದವರು. ನೂರಾರು ಜನರಿಗೆ ಒಂದೇ ಹಂಡೆಯಲ್ಲಿ ಬೇಯುತ್ತಿದ್ದ ಆ ಸಾರಿಗೆ ಉಪ್ಪು ಖಾರ ಎಂದೂ ಸಾಲುತ್ತಿರಲಿಲ್ಲವಂತೆ. ಅರ್ಧ ಗಂಟೆಯ ವಿರಾಮದಲ್ಲಿ ರುಚಿ ನೋಡಿ ತೀರ್ಮಾನಿಸುವಷ್ಟು ಪುರಸೊತ್ತೂ ಇರುತ್ತಿರಲಿಲ್ಲ. ಹಾಗಾಗಿ ಅವರ ಕೈ ಇಂದಿಗೂ ಸರಿಪಡಿಸುತ್ತಿರುವುದು ಅಂದಿನ ಸಾರನ್ನು, ನನ್ನ ಸಾರನ್ನಲ್ಲ. ಇದು ಅರ್ಥವಾದ ಮೇಲೆ ನನ್ನ ಬೇಸರ ಬಹುಪಾಲು ಕರಗಿತು. ವಯಸ್ಸಾದಂತೆ ಮೂಗು, ನಾಲಿಗೆ ಎರಡೂ ಮಂದವಾಗುತ್ತವೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ತಟ್ಟೆಯಲ್ಲಿ ಬೆರೆಸಿಕೊಳ್ಳುವುದೇ ತಪ್ಪು ಎಂದು ನಾನು ಹೇಳಲಾರೆ, ಏಕೆಂದರೆ ನಮ್ಮ ಊಟದ ಕ್ರಮ ಅದಕ್ಕೆ ಜಾಗ ಇಟ್ಟುಕೊಂಡೇ ಬಂದಿದೆ. ಬಾಳೆಎಲೆಯ ಎಡತುದಿಗೆ ಒಂದು ಚಿಟಿಕೆ ಉಪ್ಪು, ಅದರ ಪಕ್ಕದಲ್ಲಿ ಉಪ್ಪಿನಕಾಯಿ ಬಡಿಸುವುದು ಉಣ್ಣುವವರು ತಮ್ಮ ಹದಕ್ಕೆ ತಂದುಕೊಳ್ಳಲಿ ಎಂದೇ. ಮಂಡ್ಯ, ಮೈಸೂರು ಕಡೆಯ ಉಪ್ಪೆಸರನ್ನು ನೋಡಿ: ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟಿಗೆ ಉಪ್ಪು ಮಾತ್ರ ಹಾಕಿರುತ್ತಾರೆ, ರುಬ್ಬಿದ ಖಾರವನ್ನು ಬೇರೆಯಾಗಿ ಬಡಿಸುತ್ತಾರೆ, ಎಷ್ಟು ಕಲಸಿಕೊಳ್ಳಬೇಕೆಂಬುದು ಪೂರ್ತಿಯಾಗಿ ತಟ್ಟೆಯ ಮುಂದೆ ಕೂತವರ ತೀರ್ಮಾನ. ಅಲ್ಲಿ ಅಡುಗೆ ಮುಗಿಯುವುದೇ ತಟ್ಟೆಯಲ್ಲಿ. ಆದರೆ ಹಿತಕಿದ ಬೇಳೆ ಸಾರಿನಲ್ಲಿ ಉಪ್ಪು, ಖಾರ, ಹುಳಿಗಳೆಲ್ಲ ಒಲೆಯ ಮೇಲೆಯೇ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ನೋಡದೆ ಸುರಿದರೆ ಆ ಹದ ಕೆಡುತ್ತದೆ. ಯಾವುದು ಯಾವ ಬಗೆಯ ಅಡುಗೆ ಎಂದು ತಿಳಿಯುವುದಕ್ಕಾದರೂ ಮೊದಲು ಒಂದು ತುತ್ತು ನೋಡಲೇಬೇಕು.

ಅಂದಿನಿಂದ ನಾನು ಮಾಡಿಕೊಂಡ ಮೊದಲ ಬದಲಾವಣೆ ಉಪ್ಪಿನ ಡಬ್ಬಿಯದು. ತೂತಿನ ಮುಚ್ಚಳದಿಂದ ಎಷ್ಟು ಉಪ್ಪು ಬಿತ್ತು ಎಂಬುದು ಕೊಡವಿದವರಿಗೂ ಕಾಣುವುದಿಲ್ಲ. ಅದರ ಬದಲು ಚಿಕ್ಕ ಬಟ್ಟಲಿನಲ್ಲಿ ಹರಳುಪ್ಪನ್ನು ಸ್ವಲ್ಪ ಕುಟ್ಟಿ ಇಡುತ್ತೇನೆ. ಬೆರಳಲ್ಲಿ ತೆಗೆದುಕೊಳ್ಳುವಾಗ ಅಳತೆ ಕೈಗೇ ಗೊತ್ತಾಗುತ್ತದೆ. ಸಾರಿನೊಳಗೆ ಕರಗಿದ ಉಪ್ಪಿಗಿಂತ ಮೇಲೆ ಉದುರಿಸಿದ ಹರಳು ನಾಲಿಗೆಗೆ ನೇರವಾಗಿ ತಾಗುವುದರಿಂದ ಕಡಿಮೆ ಉಪ್ಪಿನಲ್ಲೇ ತೃಪ್ತಿಯಾಗುತ್ತದೆ. ಹುಳಿಯೂ ಉಪ್ಪಿನ ರುಚಿಯನ್ನು ಎತ್ತಿ ತೋರಿಸುತ್ತದೆ, ಆದ್ದರಿಂದ ನಿಂಬೆಹೋಳನ್ನು ನಾನೇ ತಟ್ಟೆಯ ಪಕ್ಕ ಇಡುತ್ತೇನೆ. ಸೌತೆಕಾಯಿ ಕೋಸಂಬರಿಗಂತೂ ಉಪ್ಪೇ ಹಾಕದೆ ಕೊಡುತ್ತೇನೆ. ಮೊದಲೇ ಹಾಕಿದರೆ ಅದು ಹೇಗೂ ನೀರು ಬಿಟ್ಟುಕೊಳ್ಳುತ್ತದೆ.

ಚಿಕ್ಕಪ್ಪನವರಿಗೆ ರಕ್ತದೊತ್ತಡ ಇರುವುದರಿಂದ ಇದು ಬರೀ ರುಚಿಯ ಮಾತೂ ಅಲ್ಲ. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಹೆಚ್ಚುಕಡಿಮೆ ಒಂದು ಟೀ ಚಮಚ, ಅದರಲ್ಲೇ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಯ ಉಪ್ಪೂ ಸೇರಬೇಕು. ಅದಕ್ಕಾಗಿ ಮನೆಯ ಸಾರಿಗೆ ಉಪ್ಪನ್ನು ವಾರದಿಂದ ವಾರಕ್ಕೆ ತುಸು ತುಸುವೇ ಇಳಿಸುತ್ತಾ ಬಂದೆ. ನಾಲಿಗೆ ಕಡಿಮೆ ಉಪ್ಪಿಗೆ ಒಗ್ಗಿಕೊಳ್ಳುತ್ತದೆ, ಆದರೆ ಕೆಲವು ವಾರಗಳೇ ಬೇಕು. ಒಮ್ಮೆಲೇ ಇಳಿಸಿದ್ದರೆ ಅವರು ಬಟ್ಟಲನ್ನೇ ಖಾಲಿ ಮಾಡುತ್ತಿದ್ದರು.

ಈಗ ಬಡಿಸುವಾಗ ಸಾರನ್ನು ಮೊದಲು ಸಣ್ಣ ಲೋಟದಲ್ಲಿ ಎರಡು ಗುಟುಕು ಕೊಡುತ್ತೇನೆ. ಲೋಟಕ್ಕೆ ಯಾರೂ ಚಟ್ನಿಪುಡಿ ಉದುರಿಸುವುದಿಲ್ಲ. ಕುಡಿದು ಕೆಳಗಿಟ್ಟ ಮೇಲೆ ಕೆಲವು ದಿನ ಅವರ ಕೈ ಬಟ್ಟಲಿನ ಕಡೆಗೆ ಹೋಗುತ್ತದೆ, ಕೆಲವು ದಿನ ನೇರವಾಗಿ ಮುದ್ದೆಗೆ ಹೋಗುತ್ತದೆ. ಮೊಸರನ್ನಕ್ಕೆ ಮಾತ್ರ ಇಂದಿಗೂ ನೋಡದೆಯೇ ಉಪ್ಪು ಹಾಕಿಕೊಳ್ಳುತ್ತಾರೆ, ಅದಕ್ಕೆ ನಾನು ಉಪ್ಪು ಹಾಕುವುದನ್ನೇ ನಿಲ್ಲಿಸಿದ್ದೇನೆ.