1983ರ ಸಹಿ ಬ್ಯಾಟಿಗೆ ಬೆಲೆ ಕಟ್ಟುವುದು

1983ರ ವಿಶ್ವಕಪ್ ತಂಡದ ಸಹಿಗಳಿರುವ ಬ್ಯಾಟು ಕೈಗೆ ಬಂದರೆ ಮೊದಲು ಕಪಿಲ್ ದೇವ್ ಹೆಸರು ಹುಡುಕಬೇಡಿ, ಸುನಿಲ್ ವಾಲ್ಸನ್ ಸಹಿ ಇದೆಯೇ ನೋಡಿ. ತಂಡದಲ್ಲಿದ್ದವರು 14 ಮಂದಿ. ವಾಲ್ಸನ್ ಆ ಟೂರ್ನಿಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಹಾಗಾಗಿ ಆಮೇಲೆ ಒಬ್ಬೊಬ್ಬರನ್ನೇ ಹುಡುಕಿ ಸಹಿ ಹಾಕಿಸಿಕೊಂಡ ಬ್ಯಾಟಿನಲ್ಲಿ ತಪ್ಪಿಹೋಗುವ ಹೆಸರು ಅವರದೇ. ಫೈನಲ್ ಆಡಿದ 11 ಜನರ ಜೊತೆ ವೆಂಗ್‌ಸರ್ಕಾರ್, ಶಾಸ್ತ್ರಿ, ವಾಲ್ಸನ್ ಮೂವರೂ ಇದ್ದರೆ ಮಾತ್ರ ಅದು ಪೂರ್ತಿ. ಆ ತಂಡದ ಯಶ್‌ಪಾಲ್ ಶರ್ಮಾ ತೀರಿಕೊಂಡದ್ದು 2021ರ ಜುಲೈ 13ರಂದು. ಅವರೊಬ್ಬರ ಸಹಿ ಮಾತ್ರ ಇಲ್ಲದಿದ್ದರೆ, ಸಹಿಗಳು ಆ ದಿನದ ನಂತರದವು ಎಂದು ಅನುಮಾನಿಸಿ.

ಬೆಲೆ ಏರುವುದೂ ಇಳಿಯುವುದೂ ಸಹಿ ಯಾವಾಗ ಬಿತ್ತು ಎಂಬುದರ ಮೇಲೆ. ಪ್ರವಾಸದಲ್ಲಿದ್ದಾಗಲೇ ಹಾಕಿದ 14 ಸಹಿಗಳೂ ಮೂರು ದಶಕ ಕಳೆದು ಯಾವುದೋ ಸಮಾರಂಭದಲ್ಲಿ ಹಾಕಿದ 14 ಸಹಿಗಳೂ ಒಂದೇ ಸರಕಲ್ಲ. ಸ್ಟಿಕರ್ ನೋಡಿದರೆ ಬ್ಯಾಟಿನ ವಯಸ್ಸು ಅಂದಾಜಿಗೆ ಸಿಗುತ್ತದೆ. ಆದರೆ ಹಳೆಯ ಬ್ಯಾಟಿಗೆ ಹೊಸದಾಗಿ ಸಹಿ ಹಾಕಿಸಬಹುದಲ್ಲ? ಅದಕ್ಕೇ ರೋಜರ್ ಬಿನ್ನಿ, ಕಿರ್ಮಾನಿ ಮುಂತಾದವರು ಆ ಕಾಲದಲ್ಲಿ ಹಾಕಿದ, ತಾರೀಖು ಗೊತ್ತಿರುವ ಸಹಿಗಳ ಪಕ್ಕ ಇಟ್ಟು ಹೋಲಿಸಿ. ವಯಸ್ಸಾದಂತೆ ಸಹಿ ಮೊಟಕಾಗುತ್ತದೆ, ಅಕ್ಷರಗಳು ಒಂದರಲ್ಲೊಂದು ಕರಗುತ್ತವೆ.

ಆಮೇಲೆ 10 ಪಟ್ಟು ಹಿಗ್ಗಿಸುವ ಭೂತಗನ್ನಡಿ. ಮುದ್ರಿಸಿದ ಸಹಿಯಾದರೆ ಸಣ್ಣ ಚುಕ್ಕಿಗಳು ಕಾಣುತ್ತವೆ, ಇಲ್ಲವೇ ಗೆರೆಯುದ್ದಕ್ಕೂ ಬಣ್ಣ ಒಂದೇ ಸಮ ಇರುತ್ತದೆ. ಪೆನ್ನಿನ ಶಾಯಿ ವಿಲ್ಲೋ ಮರದ ಎಳೆಗುಂಟ ತುಸು ಹರಡುತ್ತದೆ, ಗೆರೆ ಗೆರೆಯನ್ನು ದಾಟುವಲ್ಲಿ ಕಪ್ಪಾಗುತ್ತದೆ. ಎಣ್ಣೆ ಹಚ್ಚಿದ ಬ್ಯಾಟಿನಲ್ಲಿ ಇನ್ನೂ ಹರಡಿ ಮಸುಕಾಗುತ್ತದೆ. ಕಂಪನಿಯೇ ಅಚ್ಚು ಹಾಕಿದ ಆಟಗಾರನ ಸಹಿ, ಉದಾಹರಣೆಗೆ ಸೈಕ್ಸ್ ಬ್ಯಾಟುಗಳ ಮೇಲಿನ ಬ್ರಾಡ್ಮನ್ ಹೆಸರು, ಬರೀ ಬ್ರಾಂಡು. ಅದನ್ನೇ ಹಸ್ತಾಕ್ಷರ ಎಂದುಕೊಂಡು ಹಣ ಕೊಡುವವರನ್ನು ಕಂಡರೆ ಸಂಕಟವಾಗುತ್ತದೆ.

ಮಾರುವವನೇ ಬರೆದುಕೊಟ್ಟ ಪ್ರಮಾಣಪತ್ರ ಅವನ ಮಾತಿಗಿಂತ ಹೆಚ್ಚಿನದಲ್ಲ. ಪಿಎಸ್‌ಎ, ಜೆಎಸ್‌ಎ, ಬೆಕೆಟ್ ಇವು ಸಹಿ ಅಸಲಿಯೇ ಎಂದು ಪರೀಕ್ಷಿಸಿ ಪತ್ರ ಕೊಡುವ ಅಮೆರಿಕದ ಸಂಸ್ಥೆಗಳು. ಅವುಗಳ ಪತ್ರವಿದ್ದರೆ ಅದರ ಸಂಖ್ಯೆಯನ್ನು ಅವರ ಜಾಲತಾಣದಲ್ಲೇ ಹಾಕಿ ನೋಡಿ, ಅಲ್ಲಿ ಬರುವ ವಿವರ ಕೈಯಲ್ಲಿರುವ ವಸ್ತುವಿಗೇ ಹೊಂದಬೇಕು. ಸಹಿ ಹಾಕುತ್ತಿರುವ ಫೋಟೋದಲ್ಲಿ ಇದೇ ಬ್ಯಾಟು, ಇದೇ ಎಳೆಗಳು ಕಂಡರೆ ಅದರಂಥ ಸಾಕ್ಷಿ ಇನ್ನಿಲ್ಲ.

ಬಿಸಿಲಿಗೆ ಮಾಸಿದ ಸಹಿಯ ಮೇಲೆ ಮತ್ತೆ ಪೆನ್ನು ಆಡಿಸಿದ್ದರೆ ಬೆಲೆ ಕುಸಿಯುತ್ತದೆ, ಸರಿಪಡಿಸಲು ದಾರಿಯಿಲ್ಲ. ವಾರ್ನಿಷ್ ಕೂಡ ಬೇಡ, ಶಾಯಿಯನ್ನು ಕರಗಿಸಬಹುದು. ಯಾರದೋ ಹೆಸರಿಗೆ ಶುಭಾಶಯ ಬರೆದಿದ್ದರೂ ಕೊಳ್ಳುವವರು ಕಡಿಮೆ.

ದರ ನೋಡುವಾಗ ಮಾರಾಟಕ್ಕಿಟ್ಟ ಬೆಲೆ ಬಿಡಿ, ಮಾರಾಟವಾದ ಬೆಲೆ ಹಿಡಿಯಿರಿ. ಇಬೇ ಜಾಲತಾಣದಲ್ಲಿ ಮಾರಾಟವಾದವನ್ನಷ್ಟೇ ತೋರಿಸುವ ಫಿಲ್ಟರ್ ಇದೆ, ಹರಾಜು ಸಂಸ್ಥೆಗಳು ಫಲಿತಾಂಶ ಪ್ರಕಟಿಸುತ್ತವೆ. ಸಹಿಗಳ ಸಂಖ್ಯೆ, ಕಾಲ, ಸ್ಥಿತಿ ಮೂರೂ ಹೋಲುವ ನಾಲ್ಕೈದು ಮಾರಾಟ ಸಿಕ್ಕರೆ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬದಿಗಿಟ್ಟು ಉಳಿದವುಗಳ ನಡುವೆ ನಿಲ್ಲಿ. ಹರಾಜಿನ ಲೆಕ್ಕ ಬೇರೆ. ಕೂಗು 40,000 ರೂಪಾಯಿಗೆ ನಿಂತು, ಕೊಳ್ಳುವವನ ಮೇಲಿನ ಶುಲ್ಕ ಶೇ. 25, ಮಾರುವವನ ಕಮಿಷನ್ ಶೇ. 15 ಎಂದಿಟ್ಟುಕೊಳ್ಳಿ: ಕೊಳ್ಳುವವನು ಕೊಡುವುದು 50,000, ಮಾರುವ ನಿಮಗೆ ಬರುವುದು 34,000. ತೆರಿಗೆ, ವಿಮೆ, ಸಾಗಣೆ ಇದರ ಮೇಲೆ.