ಹಾಡೋರನ್ನ ಯಾರು ತಯಾರ ಮಾಡಬೇಕ್ರಿ?

ಶನಿವಾರ ಧಾರವಾಡದಲ್ಲಿ ಕಲಾಪೋಷಕರ ಪ್ರಾದೇಶಿಕ ಸಮಾವೇಶ ಇತ್ತು. ನಮ್ಮ ಸಣ್ಣ ಸಂಗೀತ ಸಭಾದ ಪರವಾಗಿ ನಾನೂ ಹೋಗಿದ್ದೆ. ದೀಪ, ಹಾರ, ಶಾಲು, ಸ್ಮರಣಿಕೆ ಮುಗಿಯುವಷ್ಟರಲ್ಲಿ ಹನ್ನೊಂದೂವರೆ. ಅದರ ಬಗ್ಗೆ ಹೇಳುವುದೇನಿಲ್ಲ, ನೀವೂ ನೋಡಿರುತ್ತೀರಿ. ತಲೆಯಿಂದ ಇನ್ನೂ ಇಳಿಯದಿರುವುದು ಮಧ್ಯಾಹ್ನದ ಗೋಷ್ಠಿ.

ಒಂದು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗದ ಹುಡುಗ ಮಾತಾಡಿದ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಆ ಪಟ್ಟಿಯಲ್ಲಿ ಕಲೆ, ಸಂಸ್ಕೃತಿಯೂ ಇದೆ. ಇಷ್ಟು ಹೇಳಿದ್ದೇ ತಡ, ಎಲ್ಲರ ಪೆನ್ನು ಹೊರಗೆ ಬಂದವು.

ಆಗ ಹಿಂದಿನ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ಎದ್ದು ನಿಂತರು. 'ಸರ್, ನಾವು ಮಕ್ಕಳಿಗೆ ಸಂಗೀತ ಕಲಸ್ತೀವ್ರಿ. ಖೋಲಿ ಬಾಡಿಗಿ, ಲೈಟ್ ಬಿಲ್, ತಬಲಾದವರ ಪಗಾರ. ಇದಕ್ಕ ಏನರ ಸಿಗ್ತದೇನ್ರಿ?'

'ಅದು ಪ್ರಾಜೆಕ್ಟ್ ಆಗಲ್ಲ ಮೇಡಂ. ಒಂದು ಉತ್ಸವ ಮಾಡಿ, ನೋಡೋಣ.'

'ಉತ್ಸವದಾಗ ಹಾಡೋರನ್ನ ಯಾರು ತಯಾರ ಮಾಡಬೇಕ್ರಿ?'

ಹುಡುಗ ನಕ್ಕು, 'ಒಳ್ಳೆ ಪ್ರಶ್ನೆ' ಎಂದ. ನಿರೂಪಕರು ಚಹಾಕ್ಕೆ ಬಿಡುವು ಕೊಟ್ಟರು. ಅಷ್ಟೇ!

ಹುಡುಗ ಕೆಟ್ಟವನಲ್ಲ. ಅವನಿಗೆ ಮಾರ್ಚ್ 31ಕ್ಕೆ ವರ್ಷದ ಖರ್ಚು ತೋರಿಸುವ ಲೆಕ್ಕ. ಒಂದು ಯೋಜನೆಯನ್ನು ಮುಂದುವರಿಸಿಕೊಂಡು ಹೋಗಬಹುದು ಅಂದರೂ ಶುರುವಾದ ವರ್ಷ ಬಿಟ್ಟು ಮೂರೇ ವರ್ಷ. ಹಿಂದೂಸ್ತಾನಿಯ ಖಯಾಲ್ ಗಾಯನ ಕಲಿಯುವ ಮಗುವಿಗೆ ಷಡ್ಜ, ಅಂದರೆ ಮೊದಲ ಸ್ವರ 'ಸ', ನೆಟ್ಟಗೆ ನಿಲ್ಲುವಷ್ಟರಲ್ಲಿ ಯೋಜನೆ ಮುಗಿದಿರುತ್ತದೆ. ಆದರೆ ಅದೇ ಕಾಯ್ದೆಯ ಪಟ್ಟಿಯಲ್ಲಿ ಸಾಂಪ್ರದಾಯಿಕ ಕಲೆಗಳನ್ನು ಬೆಳೆಸುವುದೂ ಇದೆ. ಕಲಿಸುವುದನ್ನು ಬಿಟ್ಟು ಕಲೆ ಇನ್ನು ಹೇಗೆ ಬೆಳೆಯುತ್ತದೆ? 'ತರಬೇತಿ ಅಂತ ಬರೆದು ಕೇಳಿ ನೋಡ್ರಿ' ಎಂದು ಒಂದು ಮಾತು ಹೇಳಬಹುದಿತ್ತು, ಅಲ್ವಾ? ಹೇಳಲಿಲ್ಲ. ಲೈಟ್ ಬಿಲ್ ಮೇಲೆ ಕಂಪನಿಯ ಲೋಗೋ ಹಾಕಲು ಬರುವುದಿಲ್ಲವಲ್ಲ.

ಇನ್ನೂ ಸೋಜಿಗ ಅಂದರೆ, ಬೆಳಿಗ್ಗೆ ಅಧ್ಯಕ್ಷರು (ಮೈಕ್ ಸಿಕ್ಕರೆ ಬಿಡುವವರಲ್ಲ) ಮೈಸೂರು ಅರಮನೆ ವಿದ್ವಾಂಸರಿಗೆ ತಿಂಗಳ ಸಂಬಳ ಕೊಡುತ್ತಿದ್ದುದನ್ನು ಭಾರೀ ಹೊಗಳಿದ್ದರು. ಈ ಹೆಣ್ಣುಮಗಳು ಕೇಳಿದ್ದೂ ಅದನ್ನೇ. ಅಧ್ಯಕ್ಷರು ಆಗ ಮುಂದಿನ ಸಾಲಿನಲ್ಲೇ ಕೂತಿದ್ದರು. ಬಾಯಿ ಬಿಡಲಿಲ್ಲ.

ಅರಮನೆಯೇ ಬೇಕಂತಿಲ್ಲ. ಪಕ್ಕದ ಗದಗದ ವೀರೇಶ್ವರ ಪುಣ್ಯಾಶ್ರಮ ನೋಡಿ. ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ, ವಸತಿ, ಸಂಗೀತ. ಅದನ್ನು ನಡೆಸಲು ಪಂಚಾಕ್ಷರಿ ಗವಾಯಿಗಳು ನಾಟಕ ಕಂಪನಿಯನ್ನೇ ಕಟ್ಟಿದರು. ಹೆಸರಾಂತ ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರು ಅವರ ಶಿಷ್ಯರು. ಮುಂದೆ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳಿಗೆ ಊರೂರಲ್ಲಿ ತುಲಾಭಾರ ಆಗುತ್ತಿತ್ತು, ಬಂದ ದುಡ್ಡು ಆಶ್ರಮಕ್ಕೆ. 2010ರಲ್ಲಿ ಅವರು ತೀರಿಕೊಳ್ಳುವವರೆಗೂ ಇದೇ ರೀತಿ. ತಕ್ಕಡಿಯಲ್ಲಿ ನಾಣ್ಯ ಸುರಿದ ರೈತ ಫಲಾನುಭವಿಗಳ ಪಟ್ಟಿ ಕೇಳಿರಲಾರ. ಅಕ್ಕಿ, ಬೇಳೆಗೆ ಕೊಡುವುದೂ ಸಂಗೀತಕ್ಕೆ ಕೊಡುವುದೇ ಅಂತ ಅವನಿಗೆ ಗೊತ್ತಿತ್ತು. ನಾವು ಓದಿದವರು, ನಮಗೆ ವೇದಿಕೆ ಕಾಣಬೇಕು.

ಚಹಾದ ಹೊತ್ತಿಗೆ ಆಕೆಯನ್ನು ಹುಡುಕಿ ಮಾತಾಡಿಸಿದೆ. ಸಿಟ್ಟಿರಲಿಲ್ಲ. 'ಕೇಳೋದು ನಮ್ಮ ಕೆಲಸ ಅಲ್ಲೇನ್ರಿ' ಎಂದು ಬಸ್ಸಿಗೆ ಹೊರಟರು. ಸಂಜೆ ಪಾಠ ಇತ್ತಂತೆ. ಸಮಾರೋಪಕ್ಕೆ ನಿಲ್ಲಲಿಲ್ಲ. ಜಾಣೆ.

ಬರುವ ಭಾನುವಾರ ನಮ್ಮ ಸಭಾದ ಮೀಟಿಂಗ್ ಇದೆ. ವಾರ್ಷಿಕ ಸಂಗೀತೋತ್ಸವದ ಪೆಂಡಾಲು ಈ ಸಲ ಸಣ್ಣದು ಮಾಡಿ, ಉಳಿದದ್ದರಲ್ಲಿ ಅವರ ಖೋಲಿ ಬಾಡಿಗೆ ಕೊಡೋಣ ಅಂತ ಹೇಳುವವನಿದ್ದೇನೆ. ಖಜಾಂಚಿಗೆ ಈಗಾಗಲೇ ಫೋನಿನಲ್ಲಿ ಹೇಳಿದೆ. 'ಹೌದ್ರಿ, ಖರೇ ಅದ. ಆದ್ರ ಬ್ಯಾನರ್‌ನ್ಯಾಗ ಏನಂತ ಹಾಕೋಣು?' ಎಂದರು.